ಸರಿಬೆಸದ ಮೇಷ್ಟ್ರು

ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದು ಅವರದ್ದೇ ಪಾಠ. "ಹಾಳೆ ಮೇಲೆ ರೋಗಿ ಹೆಸರು ಇರಬಾರ್ದು, ನಂಬರ್ ಇರ್ಬೇಕು. ಹೆಸರು ತಲೇಲಿರ್ಬೇಕು," ಎಂದು ಮೊದಲ ಕ್ಲಾಸಿನಲ್ಲೇ ಹೇಳಿದ್ದರು. ಆ ಮಾತಿನ ಮೊದಲರ್ಧವನ್ನು ಮಾತ್ರ ನಾವು ಬರೆದುಕೊಂಡೆವು. ಪರೀಕ್ಷೆಗೆ ಬರುವುದು ಅಷ್ಟೇ ತಾನೇ.

ಕಳೆದ ತಿಂಗಳು ಅವರು ತೀರಿಕೊಂಡರು. ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ "ಸ್ಟ್ಯಾಟ್ಸ್ ಸಾರ್ ಹೋಗ್ಬಿಟ್ರಂತೆ" ಎಂದು ಯಾರೋ ಹಾಕಿದರು. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು, ಅದರ ಬೆನ್ನಿಗೇ ಯಾರದೋ ಹುಟ್ಟುಹಬ್ಬದ ಕೇಕು ಬಂತು. ಕಾಲೇಜಿನಲ್ಲಿ ಒಂದು ಸಂತಾಪ ಸಭೆ ಮಾಡಿದರು. ನಾನು ಈಗ ಅದೇ ವಿಭಾಗದಲ್ಲಿ ಪಾಠ ಮಾಡುವವಳು, ಆದ್ದರಿಂದ ನನಗೆ ಮೂರು ನಿಮಿಷ ಸಿಕ್ಕಿತು. ಮಾತಾಡಿದವರೆಲ್ಲ ಸರಳ ಜೀವಿ, ಶಿಸ್ತಿನ ಮನುಷ್ಯ ಎಂದರು. ನಾನೂ ಅದನ್ನೇ ಹೇಳಿ ಕೂತೆ. ಮನೆಗೆ ಬರುವಾಗ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಸಿಟ್ಟು. ಅವರ ಬಗ್ಗೆ ಹೇಳಬೇಕಾದ್ದನ್ನು ಹೇಳಬೇಕೆಂದರೆ ನಾನು ಮಾಡಿದ ಒಂದು ಕಳ್ಳತನವನ್ನೂ ಹೇಳಬೇಕಿತ್ತು, ಎದುರಿಗೆ ನನ್ನ ವಿದ್ಯಾರ್ಥಿಗಳು ಕೂತಿದ್ದರು.

ಕೆಂಗೇರಿ ದಾಟಿದ ಮೇಲೆ ಸಿಗುವ ಒಂದು ಮೆಡಿಕಲ್ ಕಾಲೇಜಿನಲ್ಲಿ ಅವರು ಸಂಖ್ಯಾಶಾಸ್ತ್ರದ ಅಧ್ಯಾಪಕರಾಗಿದ್ದರು. ಡಾಕ್ಟರಾಗಲು ಬಂದವರಿಗೆ ಸಂಖ್ಯಾಶಾಸ್ತ್ರ ಕಲಿಸುವುದೆಂದರೆ ಮದುವೆ ಮನೆಯಲ್ಲಿ ಪಥ್ಯದ ಊಟ ಬಡಿಸಿದ ಹಾಗೆ. ಹೆಣ ಕೊಯ್ಯುವ, ಎದೆಬಡಿತ ಕೇಳುವ ಹುಮ್ಮಸ್ಸಿನಲ್ಲಿ ಇರುವವರಿಗೆ ಸರಾಸರಿ, ಸಂಭವ ಇವೆಲ್ಲ ಯಾಕೆ ಬೇಕು? ಅದೂ ಮಧ್ಯಾಹ್ನ ಎರಡು ಗಂಟೆಗೆ, ಹಾಸ್ಟೆಲಿನ ಅನ್ನ ಸಾರು ಉಂಡು ಬಂದ ಮೇಲೆ. ಹಿಂದಿನ ಮೂರು ಬೆಂಚು ಪೂರ್ತಿ ನಿದ್ದೆಗೆ ಮೀಸಲು. ಮೇಲಾಗಿ ಅವರು ಡಾಕ್ಟರಲ್ಲ. ಬಿಳಿ ಕೋಟಿನವರೇ ತುಂಬಿದ ಆ ಕಟ್ಟಡದಲ್ಲಿ ಅರ್ಧ ತೋಳಿನ ಷರಟು ಹಾಕಿ, ಜೇಬಿನಲ್ಲಿ ಎರಡು ಪೆನ್ಸಿಲ್ಲು, ಒಂದು ರಬ್ಬರು ಇಟ್ಟುಕೊಂಡು ಓಡಾಡುತ್ತಿದ್ದವರು ಅವರೊಬ್ಬರೇ. "ಪೆನ್ನಲ್ಲಿ ಬರೆದ್ರೆ ಮನಸ್ಸು ಬದಲಾಯಿಸೋಕೆ ನಾಚಿಕೆ ಆಗತ್ತೆ," ಎನ್ನುತ್ತಿದ್ದರು. ವಿಭಾಗದ ಅಟೆಂಡರ್ ಎಲ್ಲರನ್ನೂ ಸಾರ್, ಡಾಕ್ಟ್ರೇ ಎನ್ನುತ್ತಿದ್ದ. ಅವರನ್ನು ಮಾತ್ರ "ಮೇಷ್ಟ್ರೇ" ಎಂದು ಕರೆಯುತ್ತಿದ್ದ. ಅದರಲ್ಲಿ ಸ್ವಲ್ಪ ಉಡಾಫೆಯೂ ಇತ್ತು. ಅವರಿಗೆ ಮಾತ್ರ ಆ ಹೆಸರು ತುಂಬಾ ಇಷ್ಟ.

ನಮ್ಮ ಬ್ಯಾಚಿನ ಒಬ್ಬ ಭಂಡ ಒಂದು ದಿನ ಎದ್ದು ನಿಂತು ಕೇಳಿಯೇಬಿಟ್ಟ. "ಸಾರ್, ನೀವು ಡಾಕ್ಟ್ರಾ?"

"ಅಲ್ಲಪ್ಪಾ. ನನ್ನಿಂದ ಇಲ್ಲೀವರೆಗೂ ಯಾರೂ ಸತ್ತಿಲ್ಲ," ಎಂದರು. ಕ್ಲಾಸು ಗೊಳ್ಳೆಂದಿತು. ಅವರು ಬೋರ್ಡಿಗೆ ತಿರುಗಿದವರು ಏನೋ ನೆನಪಾದಂತೆ ಮತ್ತೆ ಇತ್ತ ತಿರುಗಿ, "ನನಗೆ ಗೊತ್ತಿರೋ ಮಟ್ಟಿಗೆ," ಎಂದು ಸೇರಿಸಿದರು. ಅವರ ಪೂರ್ತಿ ಸ್ವಭಾವ ಆ ಬಾಲಂಗೋಚಿಯಲ್ಲಿದೆ. ಖಂಡಿತ ಎಂಬ ಪದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ಗೃಹಪ್ರವೇಶಕ್ಕೆ ಕರೆದರೆ "ಬರೋ ಸಂಭವ ಹೆಚ್ಚು" ಎನ್ನುವರು. ಮಳೆ ಬರುತ್ತಾ ಸಾರ್ ಎಂದರೆ ಕೊಡೆ ಎತ್ತಿ ತೋರಿಸುವರು, ಅಷ್ಟೇ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು ಎಂಬ ಗಾದೆಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. "ಮೇಲಿನ ಅಗುಳು ಹಿಸುಕಿ ನೋಡ್ತೀರಿ, ಬೆಂದಿದೆ ಅಂತೀರಿ. ತಳ ಸೀದಿರತ್ತೆ. ಆಸ್ಪತ್ರೆಗೆ ಬರೋರು ಮೇಲಿನ ಅಗುಳು. ಸೌಟು ತಳಕ್ಕೆ ಹಾಕ್ರಪ್ಪಾ!" ಇನ್ನೊಂದು ಸಲ ಕೇಳಿದರು: "ಕೆಂಗೇರಿ ಬಸ್ಸು ಯಾವಾಗ್ಲೂ ರಶ್ಶು. ಹೌದಾ?" ನಾವೆಲ್ಲ ಹೌದು ಎಂದು ಕೂಗಿದೆವು. "ಡ್ರೈವರ್ ಕೇಳಿ, ಎಷ್ಟೋ ಟ್ರಿಪ್ಪು ಖಾಲಿ ಓಡಿಸ್ತೀನಿ ಅಂತಾನೆ. ನೂರು ಜನ ಇದ್ದ ಬಸ್ಸಿನ ಬಗ್ಗೆ ಹೇಳೋಕೆ ನೂರು ಜನ ಇದಾರೆ. ಖಾಲಿ ಬಸ್ಸಿನ ಬಗ್ಗೆ ಹೇಳೋಕೆ ಯಾರಿದ್ರು?" ಹಿಂದಿನ ಬೆಂಚಿನಲ್ಲಿ ಒಬ್ಬಿಬ್ಬರು ಕಣ್ಣುಬಿಟ್ಟರು. ನಾನೂ ಆ ದಿನ ಸಂಜೆ ಬಸ್ಸಿನಲ್ಲಿ ಕಿಟಕಿಯಾಚೆ ಎದುರು ಬರುವ ಬಸ್ಸುಗಳಲ್ಲಿ ತಲೆ ಎಣಿಸುತ್ತಾ ಹೋದೆ. ಅವರು ಹೇಳಿದ್ದು ನಿಜವಾಗಿತ್ತು.

ಹಾಗೆಂದು ನಾನೇನೂ ಅವರ ಶಿಷ್ಯೆಯಾಗಿಬಿಡಲಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಅದೇ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದಲ್ಲಿ ಎಂ.ಡಿ.ಗೆ ಸೇರಿದೆ. ಎಂ.ಡಿ. ಎಂದರೆ ಒಂದು ಪ್ರಬಂಧ ಬರೆಯಬೇಕು. ಕುರುಬರಹಳ್ಳಿಯಲ್ಲಿ ಕಾಲೇಜಿನದೊಂದು ಸಣ್ಣ ಆರೋಗ್ಯ ಕೇಂದ್ರ ಇತ್ತು. ಅಲ್ಲಿಗೆ ಬರುವ ಬಿ.ಪಿ. ರೋಗಿಗಳಲ್ಲಿ ನೂರಿಪ್ಪತ್ತು ಜನರನ್ನು ಆರಿಸಿಕೊಂಡು, ಅರ್ಧ ಜನಕ್ಕೆ ಪ್ರತಿ ವಾರ ಫೋನ್ ಮಾಡಿ ಮಾತ್ರೆ ನುಂಗಿ ಎಂದು ನೆನಪಿಸಿದೆ, ಇನ್ನರ್ಧ ಜನಕ್ಕೆ ಮಾಡಲಿಲ್ಲ. ಆರು ತಿಂಗಳಾದ ಮೇಲೆ ಎಲ್ಲರ ಬಿ.ಪಿ. ಮತ್ತೆ ಅಳೆದು, ಫೋನಿನಿಂದ ಉಪಯೋಗ ಆಯಿತೇ ಎಂದು ನೋಡುವುದು. ಇಷ್ಟೇ ನನ್ನ ಪ್ರಬಂಧ.

ಆರು ತಿಂಗಳಾಯಿತು. ನೂರಾ ಆರು ಜನ ಬಂದರು, ಹದಿನಾಲ್ಕು ಜನ ಬರಲಿಲ್ಲ. ಪ್ರಬಂಧ ಒಪ್ಪಿಸಲು ಮೂರು ವಾರ ಉಳಿದಿತ್ತು. ನನ್ನ ಸೀನಿಯರ್ ಒಬ್ಬಳು ಕ್ಯಾಂಟೀನಿನಲ್ಲಿ ಕಾಫಿ ಕುಡಿಯುತ್ತಾ, "ಹದಿನಾಲ್ಕು ತಾನೇ? ತುಂಬ್ಸಿ ಎಸಿ ಕಣೇ. ಎಲ್ರೂ ಮಾಡ್ತಾರೆ," ಎಂದಳು. ಅವಳನ್ನು ದೂರಿ ಉಪಯೋಗವಿಲ್ಲ, ಪೆನ್ನು ಹಿಡಿದದ್ದು ನನ್ನ ಕೈ. ಇಪ್ಪತ್ತು ನಿಮಿಷದಲ್ಲಿ ಹದಿನಾಲ್ಕು ಜನರ ಬಿ.ಪಿ. ಬರೆದೆ. ಅದರಲ್ಲೂ ನನ್ನ ಜಾಣತನ ನೋಡಿ. ಸುಳ್ಳು ಬರೆಯುವವರು 120, 130 ಎಂದು ಸೊನ್ನೆಗೆ ಜೋತುಬೀಳುತ್ತಾರೆ ಎಂದು ಮೇಷ್ಟ್ರು ಕ್ಲಾಸಿನಲ್ಲಿ ಹೇಳಿದ್ದು ನೆನಪಿತ್ತು. ಅದಕ್ಕೇ ಸೊನ್ನೆ ತಪ್ಪಿಸಿ 137, 83, 131, 79 ಎಂದು ಸಹಜವಾಗಿ ಕಾಣುವ ಹಾಗೆ ಬರೆದೆ. ಅವರ ಪಾಠವನ್ನೇ ಹಿಡಿದು ಅವರಿಗೆ ಟೋಪಿ ಹಾಕುತ್ತಿದ್ದೇನೆ ಎಂದು ಒಳಗೊಳಗೇ ಖುಷಿಯೂ ಆಯಿತು. ಹಾಳೆಗಳನ್ನು ಲೆಕ್ಕ ಹಾಕಿಕೊಡಲು ಅವರ ಮೇಜಿನ ಮೇಲಿಟ್ಟು ಬಂದೆ.

ಎರಡು ದಿನದ ಮೇಲೆ ಅಟೆಂಡರ್ ಬಂದು, "ಮೇಷ್ಟ್ರು ಕರೀತಿದಾರೆ. ಬಿ.ಪಿ. ಮೆಷಿನ್ ತಗೊಂಡ್ ಬರ್ಬೇಕಂತೆ," ಎಂದ. ಅವರಿಗೇನೋ ಮೈ ಸರಿಯಿಲ್ಲ ಎಂದುಕೊಂಡು ಪಾದರಸದ ಆ ಉದ್ದನೆ ಪೆಟ್ಟಿಗೆ ಹಿಡಿದು ಓಡಿದೆ. ಆಗಿನ್ನೂ ಎಲ್ಲ ಕಡೆ ಪಾದರಸದವೇ.

ಅವರು ತೋಳು ಚಾಚಿ ಕೂತಿದ್ದರು. ಪಟ್ಟಿ ಸುತ್ತಿ, ಗಾಳಿ ತುಂಬಿ, ಸ್ಟೆತಸ್ಕೋಪ್ ಇಟ್ಟು ಕೇಳಿದೆ.

"ಎಷ್ಟಮ್ಮಾ?"

"ನೂರಾ ಮೂವತ್ತೆಂಟು, ಎಂಬತ್ತಾರು ಸಾರ್. ಪರವಾಗಿಲ್ಲ."

"ಇನ್ನೊಂದ್ಸಲ ನೋಡಿ. ನೂರಾ ಮೂವತ್ತೇಳು ಬರತ್ತಾ?"

ಇದೇನು ಪ್ರಶ್ನೆ ಎಂದುಕೊಂಡು ಮತ್ತೆ ಗಾಳಿ ತುಂಬಿದೆ. ನೂರಾ ಮೂವತ್ತೇಳರ ಗೀಟು ಹುಡುಕಲು ಬಗ್ಗಿದೆ. ನೂರಾ ಮೂವತ್ತಾರಕ್ಕೆ ಗೀಟಿತ್ತು, ನೂರಾ ಮೂವತ್ತೆಂಟಕ್ಕೆ ಗೀಟಿತ್ತು. ನಡುವೆ ಬರೀ ಗಾಜು. ಪಾದರಸದ ಯಂತ್ರದಲ್ಲಿ ಗೀಟುಗಳು ಎರಡೆರಡರ ಅಂತರದಲ್ಲಿ ಇರುತ್ತವೆ. ಅದರಲ್ಲಿ ಓದಿದ್ದೆಲ್ಲ ಸರಿ ಸಂಖ್ಯೆಯೇ ಆಗಬೇಕು, ಬೆಸ ಸಂಖ್ಯೆ ಬರಲು ಸಾಧ್ಯವೇ ಇಲ್ಲ. ಅದುವರೆಗೆ ಸಾವಿರಾರು ಸಲ ಬಿ.ಪಿ. ನೋಡಿದ್ದ ನಾನು ಅದನ್ನು ಒಂದು ಸಲವೂ ನೋಡಿರಲಿಲ್ಲ. ಬಗ್ಗಿದವಳಿಗೆ ತಲೆ ಎತ್ತಲು ಆಗಲಿಲ್ಲ.

"ನಾನು ಡಾಕ್ಟ್ರಲ್ಲ," ಎಂದರು ಅವರು, ತೋಳಿನ ಪಟ್ಟಿ ತಾವೇ ಬಿಚ್ಚುತ್ತಾ. "ಗೀಟು ಎಣಿಸಿದೀನಿ, ಅಷ್ಟೇ. ನೂರಾ ಆರು ಜನದ್ದೂ ಸರಿ. ಹದಿನಾಲ್ಕು ಜನದ್ದು ಬೆಸ. ಆ ಹದಿನಾಲ್ಕೂ ಜನ ಯಾವ ಮೆಷಿನ್ನಲ್ಲಿ ನೋಡಿಸ್ಕೊಂಡ್ರು?"

ನಾನು ಅಳಲು ಶುರು ಮಾಡಿದೆ. ಅವರು ಅಳಬೇಡ ಎನ್ನಲಿಲ್ಲ, ಅಳು ಮುಗಿಯುವವರೆಗೆ ಕಾದರು. ಆಮೇಲೆ ಬಿಳಿ ಹಾಳೆ ಎಳೆದುಕೊಂಡು, ಪೆನ್ಸಿಲ್ಲಿನಲ್ಲಿ, ನನ್ನೆದುರೇ ಪ್ರಿನ್ಸಿಪಾಲರಿಗೆ ದೂರು ಬರೆದರು. ಮಾನ್ಯರೇ ಎಂದು ಶುರುವಾಗಿ ನನ್ನ ಹೆಸರು, ಪ್ರಬಂಧದ ಹೆಸರು, ಹದಿನಾಲ್ಕು ಸುಳ್ಳು ಸಂಖ್ಯೆಗಳು. ನಾಲ್ಕಾಗಿ ಮಡಿಸಿ ಜೇಬಿಗೆ ಹಾಕಿಕೊಂಡರು. "ಇದನ್ನ ಕೊಡ್ತೀನಿ. ಖಂಡಿತ ಕೊಡ್ತೀನಿ," ಎಂದರು. ಅವರ ಬಾಯಲ್ಲಿ ಖಂಡಿತ ಎಂಬುದನ್ನು ನಾನು ಕೇಳಿದ್ದು ಅದೊಂದೇ ಸಲ. "ಆದ್ರೆ ಅದಕ್ಕಿಂತ ಮುಂಚೆ, ಆ ಹದಿನಾಲ್ಕು ಜನ ಎಲ್ಲಿದಾರೆ ಅಂತ ನೀನು ಹೇಳ್ಬೇಕು. ಭಾನುವಾರ ಬೆಳಿಗ್ಗೆ ಎಂಟಕ್ಕೆ ಕುರುಬರಹಳ್ಳಿ ಸರ್ಕಲ್‌ಗೆ ಬಾ."

ನೀನು, ಬಾ. ಹದಿನೆಂಟು ವರ್ಷದ ಹುಡುಗರನ್ನೂ ನೀವು ಎನ್ನುವವರು ಅವರು. ಅಷ್ಟು ಅಸಹ್ಯವಾಯಿತೇನೋ ನನ್ನನ್ನು ಕಂಡರೆ ಎನಿಸಿ, ಆ ಒಂದು ಪದ ನನ್ನನ್ನು ದೂರಿಗಿಂತ ಹೆಚ್ಚು ಸುಟ್ಟಿತು. ನಾಲ್ಕು ದಿನ ಅನ್ನ ಸೇರಲಿಲ್ಲ. ವಿಜಯನಗರದ ನಮ್ಮ ಮನೆಯಲ್ಲಿ ಅಮ್ಮ ಯಾರದೋ ದೃಷ್ಟಿ ತಗುಲಿದೆ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಭಾನುವಾರ ಅವರು ಕೊಡೆ, ನೀರಿನ ಬಾಟಲು, ಬುತ್ತಿಯ ಡಬ್ಬಿ ಹಿಡಿದು ನನಗಿಂತ ಮೊದಲೇ ನಿಂತಿದ್ದರು. ನಾನು ಪಟ್ಟಿ ತೆಗೆದು, "ಮೊದಲು ಹದಿನೆಂಟನೇ ನಂಬರ್ ಸಾರ್," ಎಂದೆ. "ಇವತ್ತು ನಂಬರ್ ಬೇಡ. ನಂಬರ್ ಹೇಳಿದ್ರೆ ಯಾರು ಬಾಗಿಲು ತೆಗೀತಾರೆ?" ಎಂದು, ಹದಿನಾಲ್ಕು ಹೆಸರನ್ನೂ ಅಲ್ಲೇ ನಿಲ್ಲಿಸಿ ಬಾಯಿಪಾಠ ಮಾಡಿಸಿದರು. ಹಾಲಿನ ಬೂತಿನವನು ನಮ್ಮನ್ನೇ ನೋಡುತ್ತಿದ್ದ.

ಐದು ಭಾನುವಾರ ನಡೆದೆವು. ವಿಭಾಗದ ಮುಖ್ಯಸ್ಥರಿಗೆ ಏನು ಹೇಳಿದರೋ, ಪ್ರಬಂಧ ಒಪ್ಪಿಸಲು ಒಂದು ತಿಂಗಳು ಹೆಚ್ಚು ಸಿಕ್ಕಿತು. ಆ ಐದು ಭಾನುವಾರಗಳಲ್ಲಿ ನಾನು ಕಲಿತದ್ದನ್ನು ಆ ಕಾಲೇಜು ನನಗೆ ಎಂಟು ವರ್ಷದಲ್ಲಿ ಕಲಿಸಿರಲಿಲ್ಲ. ಪ್ರತಿ ಮನೆಯ ಮುಂದೆಯೂ ಅವರು ಒಂದು ಮೆಟ್ಟಿಲು ಕೆಳಗೇ ನಿಲ್ಲುವರು. "ಬಯ್ಯೋಕೆ ಬಂದಿಲ್ಲಮ್ಮಾ. ನೀವು ಯಾಕೆ ಬರ್ಲಿಲ್ಲ ಅಂತ ತಿಳ್ಕೊಳಕ್ಕೆ ಬಂದಿದೀವಿ," ಎನ್ನುವರು. ಹಾಗೆಂದ ಮೇಲೆ ಬಾಗಿಲುಗಳು ಪೂರ್ತಿ ತೆರೆಯುತ್ತಿದ್ದವು. ಬಸವೇಶ್ವರನಗರದ ಒಬ್ಬ ಆಟೋ ಚಾಲಕ ನಕ್ಕ. "ನಿಮ್ಮ ಸಿಸ್ಟರ್ ಲೇಟಾಗಿ ಬಂದ್ರೆ ಬಯ್ತಾರೆ ಸಾರ್. ನಂಗೆ ಬಿ.ಪಿ. ಬರೋದೇ ಅಲ್ಲಿ!" ಇನ್ನೊಬ್ಬರು ಮೈ ಹಗುರಾಯಿತು, ಮತ್ಯಾಕೆ ಬರಬೇಕು ಎಂದರು. ಕುರುಬರಹಳ್ಳಿಯ ಹಿಂದಿನ ಬೀದಿಯಲ್ಲಿ ಒಬ್ಬ ಹೆಂಗಸು ಸೌಟು ಹಿಡಿದೇ ಹೊರಬಂದರು. "ಫೋನ್ ಮಾಡ್ತಿದ್ರಾ ಡಾಕ್ಟ್ರೇ, ನಂಗಾ? ಫೋನ್ ನಮ್ಮನೆಯವ್ರ ಜೇಬಲ್ಲಿರತ್ತೆ. ಅವ್ರು ನಂಗೆ ಹೇಳೇ ಇಲ್ಲ!" ಇದೇ ಮಾತನ್ನು ಮುಂದಿನ ಮೂರು ಮನೆಗಳಲ್ಲಿ ಕೇಳಿದೆ. ಆರು ತಿಂಗಳು ನಾನು ಹೆಂಗಸರಿಗೆಂದು ಹೇಳಿದ್ದನ್ನೆಲ್ಲ ಅವರ ಗಂಡಂದಿರು ಕೇಳಿಸಿಕೊಂಡು ಹ್ಞೂಂ ಎಂದು ಫೋನ್ ಇಟ್ಟಿದ್ದರು. ಮೇಷ್ಟ್ರು ಮೆಟ್ಟಿಲ ಮೇಲೆ ಕೂತು ಪೆನ್ಸಿಲ್ಲಿನಲ್ಲಿ ಅಷ್ಟನ್ನೂ ಬರೆದುಕೊಂಡರು.

ಮೂರನೆಯ ಭಾನುವಾರ ಬಿನ್ನಿಪೇಟೆ. ನಾವು ಹುಡುಕುತ್ತಿದ್ದ ಹಿರಿಯರು ಮಗನ ಮನೆಗೆ ಹೋಗಿದ್ದಾರೆ ಎಂದು ಕುರುಬರಹಳ್ಳಿಯಲ್ಲಿ ಹೇಳಿದ್ದರು. ಸೊಸೆ ಬಾಗಿಲು ತೆಗೆದಳು. "ಮಾವ ಹೋಗಿ ಮೂರು ತಿಂಗಳಾಯ್ತಲ್ಲ," ಎಂದು ಒಳಗೆ ಗೋಡೆಯ ಕಡೆ ಕೈ ತೋರಿಸಿದಳು. ಹಾರ ಹಾಕಿದ ಫೋಟೋ. ನನ್ನ ಹಾಳೆಯಲ್ಲಿ ಆ ಮನುಷ್ಯನ ಬಿ.ಪಿ. 131/79. ಸತ್ತು ಬೂದಿಯಾದವರಿಗೆ ನಾನು ಕ್ಯಾಂಟೀನಿನಲ್ಲಿ ಕೂತು ಆರೋಗ್ಯ ಕೊಟ್ಟಿದ್ದೆ. ಮೇಷ್ಟ್ರು ಬೂಟು ಬಿಚ್ಚಿಟ್ಟು ಒಳಗೆ ಹೋಗಿ ಫೋಟೋಕ್ಕೆ ಕೈ ಮುಗಿದರು. ಮೂಲೆಯಲ್ಲಿ ಕೂತಿದ್ದ ಅಜ್ಜಿಯ ಪಕ್ಕ ನೆಲದ ಮೇಲೆ ಕೂತು, "ಅಮ್ಮಾ, ಹೇಗಾಯ್ತು ಹೇಳಿ," ಎಂದರು. ಅಜ್ಜಿ ಅರ್ಧ ಗಂಟೆ ಹೇಳಿದರು. ಹೊರಡುವ ಮುಂಚೆ ಮೇಷ್ಟ್ರು ನನ್ನನ್ನು ನೋಡಿ, "ಬಂದಿದೀವಲ್ಲ, ಅಜ್ಜಿದೂ ಒಂದ್ಸಲ ನೋಡು," ಎಂದರು. ನೋಡಿದೆ. ಅಜ್ಜಿಗೂ ಬಿ.ಪಿ. ಇತ್ತು, ಯಾರಿಗೂ ಗೊತ್ತಿರಲಿಲ್ಲ.

ಹೊರಗೆ ಬಂದ ಮೇಲೆ ಎತ್ತರದ ಅಪಾರ್ಟ್‌ಮೆಂಟುಗಳ ಕಡೆ ಕೊಡೆಯ ತುದಿ ತೋರಿಸಿ, "ಅಲ್ಲಿ ಬಟ್ಟೆ ಗಿರಣಿ ಇತ್ತು. ನಮ್ಮಪ್ಪ ಅಲ್ಲಿ ಕೆಲಸಕ್ಕಿದ್ರು," ಎಂದರು. ತಮ್ಮ ಬಗ್ಗೆ ಅವರು ಹೇಳಿಕೊಂಡದ್ದು ಅದಿಷ್ಟೇ. ಅವರ ತಂದೆಯ ಕೆಲಸ ನೂಲಿನ ಯಂತ್ರದ ಉದ್ದಕ್ಕೂ ನಡೆಯುತ್ತಾ, ಎಳೆ ಕಡಿದ ಕಡೆ ಗಂಟು ಹಾಕುವುದಂತೆ. ದಿನಕ್ಕೆ ಎಷ್ಟು ಮೈಲಿ ನಡೆಯುತ್ತಿದ್ದರೋ. "ಅಪ್ಪ ಹೇಳೋರು, ಸಾವಿರ ಎಳೆ ಓಡ್ತಿರತ್ತೆ, ಅದನ್ನ ನೋಡ್ಬೇಡ. ಓಡದೇ ಇರೋದನ್ನ ನೋಡು ಅಂತ. ನಾನು ಓದಿದ ಸಂಖ್ಯಾಶಾಸ್ತ್ರ ಎಲ್ಲಾ ಆಮೇಲಿಂದು." ನಾನು ಮೇಷ್ಟ್ರ ಸವೆದ ಕ್ಯಾನ್ವಾಸ್ ಬೂಟನ್ನೇ ನೋಡುತ್ತಾ ನಡೆದೆ. ಡಾಕ್ಟರಲ್ಲ ಎಂದು ನಾವು ನಕ್ಕಿದ್ದು ನೆನಪಾಗಿ ಮುಖ ಎತ್ತಲಾಗಲಿಲ್ಲ.

ಐದನೆಯ ಭಾನುವಾರದ ಹೊತ್ತಿಗೆ ಹದಿಮೂರು ಜನರ ಸಂಗತಿ ಸಿಕ್ಕಿತ್ತು. ಹದಿನಾಲ್ಕನೆಯವರು ಸಿಗಲಿಲ್ಲ. ನನ್ನ ಹಾಳೆಯಲ್ಲಿ ಅವರು 73ನೇ ನಂಬರು. ಹಾವೇರಿ ಕಡೆಯಿಂದ ಬಂದು ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದ ಮೂವತ್ತೆಂಟರ ಹೆಂಗಸು. ಬಾಡಿಗೆ ಕೋಣೆ ಖಾಲಿ ಮಾಡಿದ್ದರು. ಫೋನ್ ಸ್ವಿಚ್ ಆಫ್. ಅಕ್ಕಪಕ್ಕದವರಿಗೆ ಅವರ ಹೆಸರೇ ಗೊತ್ತಿರಲಿಲ್ಲ. ನಾನು ಅವರಿಗೆ 137/83 ಎಂದು ಬರೆದಿದ್ದೆ.

ಪ್ರಬಂಧದಲ್ಲಿ ಉಳಿದವರದೆಲ್ಲ ಇದ್ದದ್ದು ಇದ್ದ ಹಾಗೆ ಬರೆದು, ಒಬ್ಬರು ಸಿಗಲಿಲ್ಲ ಎಂದೂ ಬರೆದೆ. ಫೋನ್ ಮಾಡಿದರೆ ಬಿ.ಪಿ. ಇಳಿಯುತ್ತದೆ ಎಂಬ ನನ್ನ ಭರ್ಜರಿ ತೀರ್ಮಾನ ಬಿದ್ದುಹೋಯಿತು. ಕೈಯಲ್ಲಿ ತಮ್ಮದೇ ಫೋನ್ ಇದ್ದವರಿಗೆ ಉಪಯೋಗವಾಗಬಹುದು ಎಂಬಷ್ಟು ಉಳಿಯಿತು. ಪಾಸಾದೆ. ಮೈಸೂರು ಪಾಕಿನ ಡಬ್ಬಿ ಹಿಡಿದು ಅವರ ಕೋಣೆಗೆ ಹೋಗಿ, ಧೈರ್ಯ ಮಾಡಿ ಆ ದೂರಿನ ವಿಷಯ ಕೇಳಿದೆ. ಅವರು ಜೇಬು ತಟ್ಟಿಕೊಂಡು, "ಇದೆ. ಇನ್ನೂ ಒಬ್ರು ಬಾಕಿ ಅಲ್ವಾ? ಅವ್ರು ಸಿಕ್ಕಿದ ಮೇಲೆ ನೋಡೋಣ," ಎಂದು ಮೈಸೂರು ಪಾಕು ಬಾಯಿಗೆ ಹಾಕಿಕೊಂಡರು.

ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು. ಪಾಸಾದ ಮೇಲೂ ತಲೆಯ ಮೇಲೆ ಕತ್ತಿ ತೂಗಿಸಿಟ್ಟಿದ್ದಾರಲ್ಲ, ಇದೆಂಥ ಹಟ ಎನಿಸಿತು. ನನಗೆ ಅದೇ ವಿಭಾಗದಲ್ಲಿ ಕೆಲಸ ಸಿಕ್ಕಿತು. ಎದುರು ಸಿಕ್ಕಾಗಲೆಲ್ಲ ನನ್ನ ಕಣ್ಣು ಅವರ ಷರಟಿನ ಜೇಬಿಗೆ ಹೋಗುತ್ತಿತ್ತು. ಅವರು ನಿವೃತ್ತರಾದಾಗ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, ಎರಡು ಮಾತಾಡಿ ಎಂದರು. "ಎಷ್ಟು ಜನ ಕಲಿತ್ರೋ ಗೊತ್ತಿಲ್ಲ. ಪಾಸಾದೋರು ಬಂದು ನಮಸ್ಕಾರ ಮಾಡ್ತಾರೆ. ಅರ್ಥ ಆಗದೇ ಇದ್ದೋರು ಬರೋದೇ ಇಲ್ಲ. ಹಾಗಾಗಿ ನಾನು ಹೇಗೆ ಪಾಠ ಮಾಡ್ದೆ ಅಂತ ನನಗೆ ತಿಳಿಯೋ ದಾರಿ ಇಲ್ಲ," ಎಂದು ಎರಡೇ ಮಾತಿಗೆ ಮುಗಿಸಿದರು. ಹಣ್ಣಿನ ಬುಟ್ಟಿಯನ್ನು ಅಟೆಂಡರಿಗೆ ಕೊಟ್ಟು, ಶಾಲು ಮಡಿಸಿ ಚೀಲಕ್ಕೆ ಹಾಕಿ, ರಾಜಾಜಿನಗರದ ಮನೆಗೆ ಎಂದಿನ ಬಸ್ಸಿನಲ್ಲೇ ಹೋದರು. ಆ ಕಾಗದವನ್ನು ಅವರು ನನಗೆ ಕೊಡಲಿಲ್ಲ, ನಾನು ಕೇಳಲೂ ಇಲ್ಲ.

ಅದಾಗಿ ಎರಡು ವರ್ಷವಾಗಿತ್ತು, ನನ್ನ ಪ್ರಬಂಧ ಮುಗಿದು ಆರು ವರ್ಷ. ಕುರುಬರಹಳ್ಳಿಯ ಅದೇ ಆರೋಗ್ಯ ಕೇಂದ್ರದಲ್ಲಿ ಗುರುವಾರ ನನ್ನ ಪಾಳಿ. ಹೊರಗೆ ಉದ್ದ ಸಾಲು. ಒಬ್ಬ ಹೆಂಗಸು ಎಡಗೈಯನ್ನು ಸೆರಗಿನಲ್ಲಿ ಸುತ್ತಿ, ಬಲಗೈಯಲ್ಲಿ ಒಂದು ಚೀಟಿ ಹಿಡಿದು ಒಳಗೆ ಬಂದಳು.

"ಅಜ್ಜಾರು ಒಬ್ರು ಕೊಟ್ಟಾರ್ರೀ. ಇಲ್ಲೇ ಹೋಗ್ರಿ, ಗುರುವಾರ ಇರ್ತಾರ ಅಂತ ಹೇಳ್ಯಾರ."

ಬಿಡಿಸಿದೆ. ಪೆನ್ಸಿಲ್ಲಿನ ಅಕ್ಷರ. "73. ನಾನು ಡಾಕ್ಟರಲ್ಲ. ಅಳೆಯುವುದು ನಿನ್ನ ಕೆಲಸ."

ಕೂತಲ್ಲಿಂದ ಎದ್ದು ನಿಂತೆ. ಆ ಹೆಂಗಸಿನ ಹೆಸರು ನನ್ನ ಬಾಯಿಂದ ತಾನಾಗಿ ಬಂತು. ಕುರುಬರಹಳ್ಳಿ ಸರ್ಕಲ್ಲಿನಲ್ಲಿ ನಿಂತು ಬಾಯಿಪಾಠ ಮಾಡಿದ ಹದಿನಾಲ್ಕು ಹೆಸರುಗಳಲ್ಲಿ ಕೊನೆಯದು.

"ನೀವೂ ಹೆಸರು ಹಿಡಿದು ಕರೀತೀರಲ್ರೀ!" ಎಂದಳು ಆಕೆ ಬೆರಗಾಗಿ. "ಅಜ್ಜಾರೂ ಹಂಗೇ ಕರೆದ್ರು. ಕೆಂಗೇರ್ಯಾಗ ರೇಷನ್ ಅಂಗಡಿ ಮುಂದ ಪಾಳಿ ಹಚ್ಚಿದ್ನಿ. ಒಬ್ಬೊಬ್ಬರನ್ನ ಕೇಳಕೋತ ಬಂದ್ರು. ಈ ಊರಾಗ ನನ್ನ ಹೆಸರು ಹಿಡಿದು ಕೇಳಾವ್ರು ಯಾರದಾರ ಅಂತ ನನಗ ಗಾಬರಿ ಆತ್ರೀ. ಫ್ಯಾಕ್ಟರ್ಯಾಗ ಹೆಲ್ಪರ್ ಅಂತಿದ್ರು, ವಠಾರದಾಗ ಮೂರನೇ ಮನಿಯಾಕಿ ಅಂತಾರ."

ಕೈಗೇನಾಯಿತು ಎಂದು ಕೇಳಿದೆ. ಅವ್ವನಿಗೆ ಹುಷಾರಿಲ್ಲವೆಂದು ಗಂಡ ಹೆಂಡತಿ ಊರಿಗೆ ಹೋಗಿದ್ದರಂತೆ. ಅಲ್ಲಿ ಮಾತ್ರೆ ಮುಗಿಯಿತು, ತಲೆಸುತ್ತು ಇರಲಿಲ್ಲವಲ್ಲ ಎಂದು ಸುಮ್ಮನಾದಳು. "ಒಂದಿನ ರೊಟ್ಟಿ ಬಡಿಯೋ ಹೊತ್ತಿನಾಗ ಈ ಕೈ ಏಳಲೇ ಇಲ್ರೀ." ಯಾವಾಗ ಎಂದು ಕೇಳಿ ಲೆಕ್ಕ ಹಾಕಿ ನೋಡಿದೆ. ನಾನು ಕ್ಯಾಂಟೀನಿನಲ್ಲಿ 137/83 ಎಂದು ಬರೆದ ಮೇಲೆ ಎರಡು ತಿಂಗಳಿಗೆ ಆ ಕೈ ಬಿದ್ದಿತ್ತು. ಆಕೆಯ ಎದುರು ಅಳಬಾರದೆಂದು ಚೀಟಿಯ ಕಡೆ ನೋಡಿದೆ. ಹಳೆಯ ಹಾಳೆ, ನಾಲ್ಕು ಮಡಿಕೆಯ ಗುರುತು ಸವೆದು ಹರಿಯುವಂತಾಗಿತ್ತು. ಬೆಳಕಿಗೆ ಹಿಡಿದರೆ ರಬ್ಬರಿನಿಂದ ಉಜ್ಜಿದ ಸಾಲುಗಳು. ಮೇಲ್ಗಡೆ ಮಸುಕಾಗಿ ಮಾನ್ಯರೇ ಎಂದಿತ್ತು. ನನ್ನ ಹೆಸರಿದ್ದ ಜಾಗವನ್ನು ಎಷ್ಟು ಉಜ್ಜಿದ್ದರೆಂದರೆ ಕಾಗದ ತೆಳ್ಳಗಾಗಿತ್ತು.

ಬಲಗೈಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದೆ. ಮಾತ್ರೆ ಬರೆದುಕೊಟ್ಟೆ. ಮುಂದಿನ ಗುರುವಾರ ಬರದಿದ್ದರೆ ನಾನೇ ನಿಮ್ಮ ಮನೆಗೆ ಬರುತ್ತೇನೆ ಎಂದು ವಿಳಾಸ ಬರೆದುಕೊಂಡೆ. ಆಕೆ ಹೋದ ಮೇಲೆ ಸಾಲು ನಿಲ್ಲಿಸಿ ಹಿತ್ತಲಿಗೆ ಹೋಗಿ ಮೇಷ್ಟ್ರಿಗೆ ಫೋನ್ ಮಾಡಿದೆ.

"ಸಾರ್, ಹೇಗೆ ಹುಡುಕಿದ್ರಿ?"

"ಅವತ್ತಿಂದ ತಿಂಗಳಿಗೊಂದು ರೇಷನ್ ಅಂಗಡಿ. ಬರದೇ ಇರೋರನ್ನ ಹುಡುಕ್ಬೇಕಾದ್ರೆ ಎಲ್ರೂ ಬರಲೇಬೇಕಾದ ಕಡೆ ಹೋಗ್ಬೇಕು. ಅದಕ್ಕೇನು, ಈಗಂತೂ ರಿಟೈರ್ ಆದೋನಿಗೆ ಕೆಲಸ ಏನಿದೆ?" ಎಂದರು. ಆರು ವರ್ಷ. ರಾಜಾಜಿನಗರದಿಂದ ಕೆಂಗೇರಿಯವರೆಗೆ. ನನ್ನನ್ನು ಹೆದರಿಸಲು ಇಟ್ಟುಕೊಂಡಿದ್ದಾರೆ ಎಂದು ನಾನು ತಿಳಿದಿದ್ದ ಆ ಕಾಗದವನ್ನು ಅವರು ತಮಗೆ ನೆನಪಿರಲೆಂದು ಜೇಬಿನಲ್ಲಿಟ್ಟುಕೊಂಡಿದ್ದರು. ಇಂಥವರೂ ಇರುತ್ತಾರೆಯೇ ಎಂದು ಅವತ್ತು ಹುಟ್ಟಿದ ಬೆರಗು ಇವತ್ತಿಗೂ ನನ್ನಲ್ಲಿ ಹಾಗೆಯೇ ಇದೆ.

"ಅದಿರ್ಲಿ, ಎಷ್ಟು ಬಂತು?" ಎಂದರು.

"ಜಾಸ್ತಿ ಇದೆ ಸಾರ್. ನೂರಾ ಅರವತ್ಮೂರು, ತೊಂಬತ್ತೇಳು."

ಅವರು ಹಳೆಯ ಕ್ಲಾಸಿನ ದನಿಯಲ್ಲಿ, ಮೆಲ್ಲಗೆ ಕೇಳಿದರು:

"ಬೆಸಾನಾ?"

"ಅಯ್ಯೋ, ಸುಳ್ಳಲ್ಲ ಸಾರ್! ಪಾದರಸದ್ದೆಲ್ಲ ವಾಪಸ್ ತಗೊಂಡ್ರು. ಈಗ ಡಿಜಿಟಲ್ ಮೆಷಿನ್. ಇದ್ರಲ್ಲಿ ಬೆಸಾನೂ ಬರತ್ತೆ. ನನ್ನಾಣೆ ಸಾರ್, ಈಗ ತಾನೇ ನಾನೇ ಅಳೆದಿದ್ದು. ಇನ್ನೂ ಮೆಷಿನ್ ಮೇಲೆ ಹಾಗೇ ಇದೆ, ಬೇಕಾದ್ರೆ ಫೋಟೋ ಕಳಿಸ್ತೀನಿ."

ಅವರು ನಕ್ಕರು. ಅಷ್ಟು ವರ್ಷದಲ್ಲಿ ಅವರು ಗಟ್ಟಿಯಾಗಿ ನಕ್ಕದ್ದನ್ನು ನಾನು ಕೇಳಿರಲಿಲ್ಲ.

"ಫೋಟೋ ಬೇಡಮ್ಮಾ. ನೀನು ಅಳೆದಿದೀಯಲ್ಲ. ಹಾಗಾದ್ರೆ ಸರಿ," ಎಂದು ಫೋನ್ ಇಟ್ಟರು.